ಅಕ್ಕಿ ಹಸನು ಮಾಡುವ ಸುಖ

ಸಿಂಧನೂರಿನಲ್ಲಿದ್ದುಕೊಂಡು ಅಕ್ಕಿಯಲ್ಲಿ ಹರಳು ಆರಿಸುತ್ತ ಕೂತರೆ ಯಾರಿಗಾದರೂ ನಗು ಬರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಈಗ ರೈಸ್ ಮಿಲ್ಲುಗಳಿಗೆ ಬರವಿಲ್ಲ. ಕಲ್ಲು ತೆಗೆಯಲು ಒಂದು ಯಂತ್ರ, ಕಪ್ಪು ಕಾಳನ್ನು ಬಣ್ಣದಿಂದಲೇ ಗುರುತಿಸಿ ಊದಿ ಹಾರಿಸಲು ಸಾರ್ಟೆಕ್ಸ್.

"ಸಾರ್ಟೆಕ್ಸ್ ಅಕ್ಕಿಯಾಗ ಏನ್ ಹುಡುಕ್ತೀರಿ ಅತ್ತಿ?" ಅಂತಾಳೆ ಸೊಸೆ.

"ಏನೂ ಸಿಗಲಿಲ್ಲಂದ್ರೂ ಹುಡುಕೋದು ಚಂದ ಐತವ್ವಾ" ಅಂತೀನಿ. ಹೊಲದ ಭತ್ತವನ್ನು ಸಣ್ಣ ಗಿರಣಿಗೆ ಹಾಕಿಸಿದ ಅಕ್ಕಿ ಬಂತೆಂದರೆ ನನಗೆ ಹಬ್ಬವೇ ಸರಿ.

ಮೊರಕ್ಕೆ ಎರಡು ಬೊಗಸೆಗಿಂತ ಹೆಚ್ಚು ಹಾಕಬಾರದು. ಹಾಕಿದರೆ ಕೈ ಆಡುವುದಿಲ್ಲ. ಮೊದಲು ಕೇರಬೇಕು, ತೌಡು ಹೊಟ್ಟು ಮುಂದಕ್ಕೆ ಹಾರುತ್ತವೆ. ಆಮೇಲೆ ಮಣಿಕಟ್ಟನ್ನಷ್ಟೇ ಅಲುಗಿಸುತ್ತ ಒನೆಯಬೇಕು, ನುಚ್ಚು ಒಂದು ಕಡೆ, ಇಡಿ ಅಕ್ಕಿ ಒಂದು ಕಡೆ ಸರಿಯುತ್ತವೆ. ಕಡೆಗೆ ಬೆಳಕಿಗೆ ಮುಖ ಮಾಡಿ ಕೂತು, ಬೆರಳ ತುದಿಯಿಂದ ತೆಳ್ಳಗೆ ಹರಡಬೇಕು. ಬಿಳಿ ಹರಳು ಅಕ್ಕಿಯ ವೇಷದಲ್ಲೇ ಕೂತಿರುತ್ತದೆ. ಕಣ್ಣು ತಪ್ಪಿಸಿದ್ದು ಬೆರಳಿಗೆ ಸಿಕ್ಕಿಬೀಳುತ್ತದೆ: ಅಕ್ಕಿ ಜಾರುತ್ತದೆ, ಹರಳು ತಡೆಯುತ್ತದೆ. ಅವಸರ ಮಾಡಿದವರಿಗೆ ಅದು ಹಲ್ಲಿನಡಿಯೇ ಸಿಗುವುದು.

ನನ್ನ ಈ ಹುಚ್ಚಿಗೆ ದೊಡ್ಡವರ ಬೆಂಬಲವೂ ಇದೆ. ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ 12ನೆಯ ಶತಮಾನದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದೇ ದಾಸೋಹ ನಡೆಸಿದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳಂತೆ. ಕಾಯಕವನ್ನು ಕೈಲಾಸಕ್ಕೇರಿಸಿದ ಶರಣನಿಗೇ ಹೆಂಡತಿ ಹೇಳಿಕೊಟ್ಟ ಲೆಕ್ಕವಿದು: ದುಡಿಯುವುದು ಬೇರೆ, ಬಾಚುವುದು ಬೇರೆ.

ಇನ್ನೂ ಹಿಂದಕ್ಕೆ ಹೋದರೆ ಮಸ್ಕಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರು ಮೊದಲು ಸಿಕ್ಕಿದ್ದು ಅದರಲ್ಲೇ ಎಂದು ಈ ಕಡೆಯ ಶಾಲೆಯ ಮಕ್ಕಳೂ ಹೇಳುತ್ತಾರೆ. ಹೆಸರಿನ ಮುಂದಿನ ಮಾತನ್ನೂ ಓದಬೇಕು. ಸಂಘದ ಬಳಿಗೆ ಬಂದ ಮೇಲೆ ತಾನು ಶ್ರದ್ಧೆಯಿಂದ ಶ್ರಮಿಸಿದ್ದನ್ನು ಹೇಳಿ, ಧರ್ಮದಲ್ಲಿ ನಿಂತರೆ ಸಣ್ಣವರಿಗೂ ಈ ಶ್ರಮದ ಫಲ ಕೈಗೂಡುತ್ತದೆ, ದೊಡ್ಡವರ ಸೊತ್ತೆಂದು ತಿಳಿಯಬಾರದು ಎಂದು ಚಕ್ರವರ್ತಿಯೇ ಕೊರೆಸಿದ್ದಾನೆ.

ಅನ್ನದಲ್ಲಿ ಹರಳು ಸಿಕ್ಕರೆ ಮನೆಯವರೆಲ್ಲ ನಮ್ಮನ್ನು ನೆನೆಯುತ್ತಾರೆ, ಸಿಗದಿದ್ದರೆ ಯಾರೂ ನೆನೆಯುವುದಿಲ್ಲ. ದಿನನಿತ್ಯದ ಶ್ರದ್ಧೆಗೆ ಸಿಗುವ ಸಂಬಳ ಇಷ್ಟೇ. ಹೊಗಳಿಕೆಗೆ ಕಾಯುವವರು ಬೇರೆ ಕೆಲಸ ಹಿಡಿಯುವುದು ಒಳ್ಳೆಯದು. ಉಳಿದವರು ಅಟ್ಟದ ಮೇಲಿನ ಮೊರ ಇಳಿಸಿ, ಧೂಳು ಕೊಡವಿ, ಎರಡು ಬೊಗಸೆ ಅಕ್ಕಿ ಹಾಕಿಕೊಂಡು ಕೂತು ನೋಡಿ.