ಅಘನಾಶಿನಿಯ ಅಳಿವೆಯಲ್ಲಿ ಎರಡು ದಿನ

ಉತ್ತರ ಕನ್ನಡ ಜಿಲ್ಲೆಯ ನದಿಗಳಲ್ಲಿ ಅಘನಾಶಿನಿಯದು ಒಂದು ವಿಶೇಷ. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಅದರ ಒಂದು ಎಳೆ ಹುಟ್ಟುತ್ತದೆ, ಮಂಜುಗುಣಿಯಲ್ಲಿ ಇನ್ನೊಂದು. ಎರಡೂ ಕೂಡಿ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಾಡು ಕಣಿವೆಗಳನ್ನು ದಾಟಿ ಕುಮಟಾ ತಾಲ್ಲೂಕಿನ ತಗ್ಗು ನೆಲಕ್ಕೆ ಇಳಿಯುತ್ತವೆ. ಹುಟ್ಟಿದಲ್ಲಿಂದ ಸಮುದ್ರ ಸೇರುವವರೆಗೆ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಕೊನೆಯ ಕೆಲವು ಮೈಲಿ ಅದು ನದಿಯೂ ಹೌದು, ಸಮುದ್ರವೂ ಹೌದು. ಸಿಹಿನೀರು, ಉಪ್ಪುನೀರು ಬೆರೆಯುವ ಇಂಥ ಜಾಗಕ್ಕೆ ಅಳಿವೆ ಎನ್ನುತ್ತಾರೆ.

ದಸರೆ ರಜೆಯಲ್ಲಿ ಮೊಮ್ಮಗ, ಮೊಮ್ಮಗಳನ್ನು ಕರೆದುಕೊಂಡು ನಾನು ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗಿದ್ದೆ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದೆವು. ಮರುದಿನ ಮಿರ್ಜಾನಿನ ಕೋಟೆ ನೋಡಿದೆವು. ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಅಂಟಿಕೊಂಡಿದೆ. ಘಟ್ಟದ ಮೆಣಸು ಇದೇ ನದಿಯ ದಾರಿಯಲ್ಲಿ ಹಡಗು ಹತ್ತುತ್ತಿತ್ತು. ಅಲ್ಲಿಂದ ತದಡಿಗೆ ಬಂದು ಸಣ್ಣ ದೋಣಿಯೊಂದನ್ನು ಗೊತ್ತು ಮಾಡಿದೆವು.

ದೋಣಿ ಹತ್ತಿದಾಗ ಹನ್ನೊಂದೂವರೆ. ಕಣ್ಣು ಹಾಯುವವರೆಗೂ ನೀರು. ನಾಲ್ಕನೇ ಇಯತ್ತೆ ಓದುವ ಮೊಮ್ಮಗಳು ಕೈ ನೀರಿಗಿಳಿಸಿ ಕೇಳಿದಳು: "ಅಜ್ಜಾ, ಇಷ್ಟೊಂದ ನೀರು ಸುಮ್ನ ಸಮುದ್ರಕ್ಕ ಹೊಂಟೈತಲ್ಲ, ಪೋಲಾಗೂದಿಲ್ಲೇನು? ನಮ್ಮ ಓಣಿಗೆ ಬಿಟ್ಟಿದ್ರ ಎಷ್ಟ ಛಲೋ ಇತ್ತು!"

ಬೇಸಿಗೆಯಲ್ಲಿ ನಳಕ್ಕೆ ನೀರು ಬರುವ ದಿನ ಕಾಯುತ್ತ ಕೊಡ ಸಾಲಿಗಿಟ್ಟು ಕೂಡುವ ಮನೆಯ ಮಗು ಅದು. ಹಾಗೆ ಕೇಳಿದ್ದು ಸಹಜ. ದೊಡ್ಡವರೂ ಇದೇ ಮಾತನ್ನು ಆಡುತ್ತಾರೆ. ನಾನು ಉತ್ತರ ಹೇಳಲಿಲ್ಲ. "ಎರಡು ದಿನ ನೋಡೋಣು, ಆಮೇಲೆ ನೀನೇ ಹೇಳು" ಎಂದೆ.

ನೀರಿಗೂ ಒಂದು ವೇಳಾಪಟ್ಟಿ

ಅಂದು ಸೀಗಿ ಹುಣ್ಣಿಮೆ. ನಮ್ಮ ಕಡೆ ರೈತರು ಹೊಲಕ್ಕೆ ಹೋಗಿ ಬೆಳೆಗೆ ಪೂಜೆ ಮಾಡಿ ಚರಗ ಚೆಲ್ಲುವ ದಿನ. ಕರಾವಳಿಯಲ್ಲಿ ಹುಣ್ಣಿಮೆ ಎಂದರೆ ದೊಡ್ಡ ಉಬ್ಬರದ ದಿನ. ಚಂದ್ರ ಮತ್ತು ಸೂರ್ಯ ಎರಡೂ ಒಂದೇ ಸಾಲಿನಲ್ಲಿ ನಿಂತು ಸಮುದ್ರದ ನೀರನ್ನು ಎಳೆಯುವುದರಿಂದ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಂದು ಹನ್ನೊಂದಕ್ಕೆ ನೀರು ತುಂಬಿದರೆ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ತುಂಬುತ್ತದೆ. ಚಂದ್ರ ದಿನವೂ ತಡವಾಗಿ ಹುಟ್ಟುತ್ತಾನಲ್ಲ, ಹಾಗೆಯೇ. ನಮ್ಮ ದೋಣಿಯವರ ಕೈಯಲ್ಲಿ ಗಡಿಯಾರ ಇರಲಿಲ್ಲ. ತಿಥಿ ಹೇಳಿದರೆ ಸಾಕು, ನೀರು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಹೇಳುತ್ತಿದ್ದರು.

ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಉಪ್ಪುನೀರಿನಲ್ಲಿ, ಕೆಸರಿನಲ್ಲಿ ಬೆಳೆಯುವ ಕಾಡು ಇದು. ಒಂದು ಜಾತಿಯ ಮರ ಬಿಲ್ಲಿನಂತೆ ಬಾಗಿದ ಬೇರುಗಳ ಮೇಲೆ ನಿಂತಿತ್ತು. ಕೊಂಬೆಯಲ್ಲಿ ನುಗ್ಗೆಕಾಯಿಯ ಹಾಗೆ ಏನೋ ಜೋತಾಡುತ್ತಿತ್ತು. ಅದು ಕಾಯಲ್ಲ, ಸಸಿ! ಈ ಮರದ ಬೀಜ ತಾಯಿಯ ಮೇಲಿದ್ದಾಗಲೇ ಮೊಳೆತು, ಉದ್ದಕ್ಕೆ ಬೆಳೆದು, ಆಮೇಲೆ ಕೆಸರಿಗೆ ಬಿದ್ದು ಬೇರೂರುತ್ತದೆ. ಇನ್ನೊಂದು ಜಾತಿಯ ಬುಡದ ಸುತ್ತ ನೂರಾರು ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ಎದ್ದಿದ್ದವು. ಕೆಸರಿನೊಳಗೆ ಗಾಳಿ ಸಿಗದ್ದರಿಂದ ಬೇರುಗಳೇ ಮೂಗಿನಂತೆ ಹೊರಬಂದು ಉಸಿರಾಡುತ್ತವೆ. ಈ ಬೇರುಗಳ ಸಂದಿಯಲ್ಲಿ ಮೀನು, ಸಿಗಡಿ, ಏಡಿಗಳ ಮರಿಗಳು ದೊಡ್ಡ ಮೀನುಗಳಿಂದ ಅಡಗಿ ಬೆಳೆಯುತ್ತವೆ. "ಇದು ಮೀನಿನ ಬಾಲವಾಡಿ" ಎಂದೆ. ಮೊಮ್ಮಗ ನಕ್ಕ.

ನದಿಯ ತಳದ ಬಳಚು

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ನಾವು ದೋಣಿಯಲ್ಲಿ ದಾಟಿದ್ದ ಜಾಗದಲ್ಲೇ ಮರಳ ದಿಬ್ಬ ಎದ್ದಿತ್ತು. ಎಲ್ಲಿಂದಲೋ ಹತ್ತಾರು ಜನ ನೀರಿಗಿಳಿದರು. ಹೆಂಗಸರೇ ಹೆಚ್ಚು. ಮೊಳಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ಮರಳು ತಡವಿ, ಬಗ್ಗಿ ಕೈಹಾಕಿ ಬಳಚು ತೆಗೆಯುತ್ತಿದ್ದರು. ಬಳಚು ಎಂದರೆ ಎರಡು ಚಿಪ್ಪಿನ ಮೃದು ಜೀವಿ, ಕರಾವಳಿಯವರ ಅಚ್ಚುಮೆಚ್ಚಿನ ಪದಾರ್ಥ. ಇದಕ್ಕೆ ಬಲೆಯೂ ಬೇಡ, ದೋಣಿಯೂ ಬೇಡ, ಬಂಡವಾಳವೂ ಬೇಡ. ಇಳಿತದ ಹೊತ್ತು ಗೊತ್ತಿದ್ದರೆ ಸಾಕು. ಹೊಲವಿಲ್ಲದ ಮನೆಯವರಿಗೂ ನದಿಯ ತಳದಲ್ಲಿ ಒಂದು ಪಾಲಿದೆ.

ಅಜ್ಜಿಯೊಬ್ಬರು ಬುಟ್ಟಿಯಿಂದ ಸಣ್ಣ ಬಳಚುಗಳನ್ನು ಆರಿಸಿ ಮತ್ತೆ ನೀರಿಗೆ ಎಸೆಯುತ್ತಿದ್ದರು. ಯಾಕೆ ಎಂದು ಮೊಮ್ಮಗಳು ಕೇಳಿದಳು. "ಇವತ್ತು ಇದನ್ನೂ ತಿಂದರೆ ಮುಂದಿನ ವರ್ಷ ಏನು ಹೆಕ್ಕೂದು ತಂಗೀ?" ಎಂದರು.

ಬಳಚು ನೀರನ್ನು ಒಳಗೆಳೆದುಕೊಂಡು ಅದರಲ್ಲಿನ ಸೂಕ್ಷ್ಮ ಜೀವಿಗಳನ್ನು ತಿಂದು ನೀರನ್ನು ಸೋಸಿ ಹೊರಬಿಡುತ್ತದೆ. ಅಂದರೆ ನದಿಯನ್ನು ತೊಳೆಯುವ ಕೆಲಸವೂ ಅದರದೇ. ಚಿಪ್ಪನ್ನು ಸುಟ್ಟರೆ ಸುಣ್ಣ. ಆದರೆ ಅದಕ್ಕೆ ಬರಿಯ ಉಪ್ಪುನೀರೂ ಆಗುವುದಿಲ್ಲ, ಬರಿಯ ಸಿಹಿನೀರೂ ಆಗುವುದಿಲ್ಲ. ಘಟ್ಟದಿಂದ ಬರುವ ನೀರು ಕಾಡಿನ ಸಾರವನ್ನು ತರಬೇಕು, ಸಮುದ್ರ ಉಪ್ಪು ತರಬೇಕು. ಎರಡರ ಹದ ತಪ್ಪಿದರೆ ಬಳಚು ಉಳಿಯುವುದಿಲ್ಲ.

ಉಪ್ಪು ನೆಲದ ಕಗ್ಗ

ಎರಡನೆಯ ದಿನ ಗಜನಿ ನೋಡಲು ಮಾಣಿಕಟ್ಟದ ಕಡೆ ಹೋದೆವು. ನದಿಯ ಮಗ್ಗುಲಲ್ಲಿ, ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ ವಿಶಾಲ ಬಯಲಿಗೆ ಇಲ್ಲಿ ಗಜನಿ ಎನ್ನುತ್ತಾರೆ. ನದಿಗೂ ಬಯಲಿಗೂ ನಡುವೆ ಒಡ್ಡು. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಹಲಗೆ ಇಳಿಸಿದರೆ ಸಮುದ್ರದ ನೀರು ಹೊರಗೆ ನಿಲ್ಲುತ್ತದೆ, ಎತ್ತಿದರೆ ಒಳಗೆ ಬರುತ್ತದೆ. ಇದಕ್ಕೆ ಜಂತ್ರಡಿ ಎಂದು ಹೆಸರು.

ಆ ಬಾಗಿಲನ್ನು ಬಳಸುವ ಜಾಣತನ ನೋಡಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಬಾಗಿಲು ಹಾಕುತ್ತಾರೆ. ಇಳಿತದ ಹೊತ್ತಿಗಷ್ಟೇ ತೆರೆದು ಒಳಗಿನ ನೀರನ್ನು ಹೊರಗೆ ಬಿಡುತ್ತಾರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದು ಒಯ್ಯುತ್ತದೆ. ಆಗ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕಗ್ಗ ಈ ನೆಲಕ್ಕೆಂದೇ ಹುಟ್ಟಿದ ತಳಿ. ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪು ತಾಗಿದರೂ ಬಾಡುವುದಿಲ್ಲ. ಗೊಬ್ಬರ ಕೊಳ್ಳಬೇಕಾಗಿಲ್ಲ, ನದಿ ತಂದ ಮೆಕ್ಕಲು ಮಣ್ಣೇ ಗೊಬ್ಬರ. ನಾವು ಹೋದಾಗ ಆಳೆತ್ತರದ ಪೈರು ತೆನೆಯ ಭಾರಕ್ಕೆ ಬಾಗಿತ್ತು. ನೀರಿನಲ್ಲೇ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಿದ್ದರು. ಹುಲ್ಲನ್ನು ಹಾಗೇ ಬಿಡುತ್ತಿದ್ದರು.

"ಹುಲ್ಲು ಯಾಕೆ ಬಿಟ್ಟರಿ?" ಮೊಮ್ಮಗ ಕೇಳಿದ.

"ಅದು ಸಿಗಡಿ ಪಾಲು ತಮಾ" ಎಂದರು ಕೊಯ್ಲಿಗೆ ನಿಂತ ಹಿರಿಯರು.

ಕೊಯ್ಲು ಮುಗಿದ ಮೇಲೆ ಜಂತ್ರಡಿಯನ್ನು ಉಬ್ಬರಕ್ಕೆ ತೆರೆಯುತ್ತಾರೆ. ನೀರಿನ ಜೊತೆ ಸಿಗಡಿ, ಮೀನು, ಏಡಿಗಳ ಮರಿಗಳು ಗದ್ದೆಗೆ ನುಗ್ಗುತ್ತವೆ. ಕೊಳೆಯುವ ಹುಲ್ಲಿನ ಆಸರೆಯಲ್ಲಿ ಅವು ಕೊಬ್ಬುತ್ತವೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ದೊಡ್ಡವು ಸಿಗುತ್ತವೆ. ಮುಂದಿನ ಮಳೆಗಾಲಕ್ಕೆ ಅವುಗಳ ಕಸವೇ ಭತ್ತಕ್ಕೆ ಗೊಬ್ಬರ. ಮಳೆಗಾಲದಲ್ಲಿ ಹೊಲ, ಬೇಸಿಗೆಯಲ್ಲಿ ಮೀನಿನ ಕೆರೆ, ಎರಡೂ ಒಂದೇ ನೆಲ.

ಬಾಗಿಲು ಕಾಯುವವರು

ಇಷ್ಟು ಚೆಂದದ ಏರ್ಪಾಟು ಈಗ ಎಲ್ಲ ಕಡೆ ಉಳಿದಿಲ್ಲ. ಹಿಂದೆ ಊರವರೇ ಕೂಡಿ ಮಣ್ಣಿನ ಒಡ್ಡು ಕಟ್ಟಿ, ವರ್ಷವರ್ಷ ದುರಸ್ತಿ ಮಾಡುತ್ತಿದ್ದರು. ಆಮೇಲೆ ಕಾಯಂ ಒಡ್ಡುಗಳು ಬಂದವು, ಕೂಡಿ ಮಾಡುವ ಕೆಲಸ ಕಡಿಮೆಯಾಯಿತು. ಸಿಗಡಿಗೆ ಪರದೇಶದಲ್ಲಿ ಬೆಲೆ ಬಂದಾಗ ಕರಾವಳಿಯ ಎಷ್ಟೋ ಕಡೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸಿಗಡಿ ಸಾಕಿದರು. 1990ರ ದಶಕದ ಮಧ್ಯದಲ್ಲಿ ದೇಶದ ಕರಾವಳಿಗೆಲ್ಲ ಹಬ್ಬಿದ ಬಿಳಿಚುಕ್ಕೆ ರೋಗಕ್ಕೆ ಆ ಸಿಗಡಿಗಳು ಸತ್ತವು. ಅಷ್ಟರಲ್ಲಿ ಉಪ್ಪು ಕುಡಿದ ಗದ್ದೆಗಳು ಪಾಳು ಬಿದ್ದಿದ್ದವು.

ಗಜನಿಯ ಕಷ್ಟ ಇಷ್ಟೇ: ಬಯಲು ಒಂದು, ಬಾಗಿಲು ಒಂದು, ಒಡೆಯರು ಹಲವರು. ಮಳೆಗಾಲದಲ್ಲಿ ಒಬ್ಬರು ಬಾಗಿಲು ತೆರೆದು ಉಪ್ಪುನೀರು ಬಿಟ್ಟುಕೊಂಡರೂ ಎಲ್ಲರ ಭತ್ತವೂ ಹೋಯಿತು. ಒಡ್ಡಿನಲ್ಲಿ ಏಡಿ ಕೊರೆದ ತೂತನ್ನು ಒಬ್ಬರು ಮುಚ್ಚದಿದ್ದರೂ ಹಾಗೆಯೇ. "ಒಬ್ಬ ಬಿಟ್ಟರೆ ಊರೇ ಬಿಟ್ಟ ಹಾಗೆ" ಎಂದರು ಆ ಹಿರಿಯರು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕೆಸರಿನಲ್ಲಿ ಬಿತ್ತಿ ಕೊಯ್ಯಲು ಯಂತ್ರ ಬರುವುದಿಲ್ಲ, ಆಳು ಸಿಗುವುದಿಲ್ಲ. ಆದರೂ ಬಿತ್ತುತ್ತಾರೆ. ಕಾರಣ ಕೇಳಿದೆ. ಮನೆಯೊಳಗೆ ಕರೆದು ಬೀಜದ ಭತ್ತ ತೋರಿಸಿದರು. "ಇದು ಅಂಗಡೀಲಿ ಸಿಗೂದಿಲ್ಲ. ಭತ್ತದ ಬೀಜ ಒಂದೆರಡು ವರ್ಷ ಬಿತ್ತದೇ ಇಟ್ಟರೆ ಮೊಳಕೆ ಬರೂದಿಲ್ಲ. ಬಿತ್ತಿದರಷ್ಟೇ ಉಳೀತದೆ."

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣ ಎಂಬ ಮನ್ನಣೆ ದೊರಕಿತು. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಹಲವು ದೇಶಗಳು ಕೂಡಿ ಜೌಗುಭೂಮಿಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು, ಅದರ ಪಟ್ಟಿ ಇದು. ನಮ್ಮ ರಾಜ್ಯದಿಂದ ಮೊದಲು ಸೇರಿದ್ದು ರಂಗನತಿಟ್ಟು. ಅಘನಾಶಿನಿಯ ಜೊತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಮನ್ನಣೆ ಬಂದದ್ದು ಸಂತೋಷವೇ. ಆದರೆ ಪಟ್ಟಿಯಲ್ಲಿ ಹೆಸರು ಇದ್ದರಾಗಲಿಲ್ಲ. ಬಾಗಿಲಿನ ಹಲಗೆ ಎತ್ತಿ ಇಳಿಸುವ ಕೈಗಳೂ ಇರಬೇಕು.

ಅವರ ಮನೆಯಲ್ಲೇ ಕಗ್ಗದ ಕೆಂಪಕ್ಕಿ ಗಂಜಿ ಉಂಡೆವು. ತಟ್ಟೆಯ ಉಪ್ಪು ಪಕ್ಕದ ಸಾಣಿಕಟ್ಟಾದ್ದು, ಅದೂ ಇದೇ ನೀರಿನಿಂದ ತೆಗೆದದ್ದು. ಮೊಮ್ಮಗಳು ಬೆರಳು ಮಡಚಿ ಎಣಿಸತೊಡಗಿದಳು. ಅಕ್ಕಿ, ಸಿಗಡಿ, ಏಡಿ, ಬಳಚು, ಸುಣ್ಣ, ಉಪ್ಪು. "ಅಜ್ಜಾ, ಈ ನೀರು ಪೋಲಾಗೂದಿಲ್ಲ ಬಿಡು. ಸಮುದ್ರಕ್ಕ ಹೋಗೂ ಮುಂದ ಇಷ್ಟೆಲ್ಲ ಕೆಲಸ ಮಾಡಿ ಹೋಗ್ತೈತಿ" ಎಂದಳು. ನಮ್ಮ ಓಣಿಯ ನಳದ ಚಿಂತೆ ಅದರಿಂದ ತೀರಲಿಲ್ಲ ನಿಜ. ಅದಕ್ಕೆ ನಮ್ಮ ಊರಿನ ಕೆರೆಗಳನ್ನು ನಾವೇ ನೋಡಿಕೊಳ್ಳಬೇಕು.

ನೀವೂ ಹೋಗುವುದಾದರೆ

ಕೊಂಕಣ ರೈಲಿನ ಕುಮಟಾ ಅಥವಾ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಕೊಯ್ಲು ನೋಡಬೇಕಾದರೆ ಅಕ್ಟೋಬರ್, ನವೆಂಬರ್. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಇಳಿತದ ಹೊತ್ತು ಊರವರನ್ನು ಕೇಳದೆ ಮಕ್ಕಳನ್ನು ಮರಳ ದಿಬ್ಬಕ್ಕೆ ಬಿಡಬೇಡಿ. ನೀರು ಮರಳಿ ಏರುವಾಗ ಸದ್ದು ಮಾಡುವುದಿಲ್ಲ. ದೋಣಿಯಲ್ಲಿ ತೇಲುಜಾಕೀಟು ಹಾಕಿಕೊಳ್ಳಿ. ಪ್ಲಾಸ್ಟಿಕ್ ಚೀಲವನ್ನು ವಾಪಸು ತನ್ನಿ. ಸಾಧ್ಯವಾದರೆ ಬೆಳೆದವರ ಮನೆಯಿಂದಲೇ ಎರಡು ಸೇರು ಕಗ್ಗದ ಅಕ್ಕಿ ಕೊಳ್ಳಿ. ಅಕ್ಕಿಗೆ ಗಿರಾಕಿ ಇದ್ದರೆ ಬಿತ್ತುವವರು ಬರುವ ಜೂನಿನಲ್ಲೂ ಬೀಜವನ್ನು ನೆನೆಹಾಕುತ್ತಾರೆ.