ರೀ, ಸ್ವಲ್ಪ ಇಲ್ಲಿ ನೋಡಿ

ನಮ್ಮವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಕಾರು ಹತ್ತುವ ಮೊದಲೇ ಮೊಬೈಲನ್ನು ಬಂದ್ ಮಾಡಿ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಬಿಡುತ್ತಾರೆ. ದಾರಿಯಲ್ಲಿ ಯಾರಾದರೂ ಕುತ್ತಿಗೆ ಓರೆ ಮಾಡಿಕೊಂಡು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಹೋಗುವುದು ಕಂಡರೆ ಇಬ್ಬರೂ ಸೇರಿ ಮನದಣಿಯೆ ಬೈಯುತ್ತೇವೆ. ಬೈಯುವ ಭರದಲ್ಲಿ ಇವರೂ ರಸ್ತೆ ಬಿಟ್ಟು ಅತ್ತಲೇ ನೋಡುತ್ತಿರುತ್ತಾರೆ ಎಂಬುದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ.

2015ರ ಡಿಸೆಂಬರ್ ಮೊದಲ ವಾರ. ಶಿವಮೊಗ್ಗದಲ್ಲಿ ನಾದಿನಿಯ ಮಗಳ ಮದುವೆ ಮುಗಿಸಿಕೊಂಡು ಸಾಗರಕ್ಕೆ ಹಿಂದಿರುಗುತ್ತಿದ್ದೆವು. ಆಯನೂರು ಬರುವವರೆಗೆ ಊಟದ ವಿಚಾರ ಮಾತಾಡಿದೆವು. ಆಮೇಲೆ ಸೀರೆಯ ವಿಚಾರ ಬಂತು. ವಾರಗಿತ್ತಿಗೆ ಮೈಸೂರು ಸಿಲ್ಕ್. ನನಗೆ ಹೆಗಲ ಮೇಲೆ ನಿಲ್ಲದ ಒಂದು ಸಿಂಥೆಟಿಕ್ ಸೀರೆ! ಮೇಷ್ಟರಾದವಳು ಉಡುಗೊರೆಗೆ ಆಸೆ ಪಡಬಾರದು ನಿಜ. ಆದರೆ ಆಸೆ ಬೇರೆ, ಅವಮಾನ ಬೇರೆ. ಓದುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತಳೆ ಸುಲಿದು ಒಂದೊಂದೇ ತೊಳೆ ಇವರ ಬಾಯಿಗೆ ಕೊಡುತ್ತಾ ನನ್ನ ಅಹವಾಲು ಹೇಳುತ್ತಲೇ ಇದ್ದೆ. ಇವರು "ಹೂಂ" ಎನ್ನುತ್ತಿದ್ದರು. ಬರೀ "ಹೂಂ" ಎಂದರೆ ನನಗೆ ಸಾಲದು. ಕುಂಸಿ ದಾಟಿದ ಮೇಲೆ ಕವರಿನಿಂದ ಸೀರೆ ತೆಗೆದು ಅಂಚು ಬಿಡಿಸಿ ಹಿಡಿದೆ. "ರೀ, ಸ್ವಲ್ಪ ಇಲ್ಲಿ ನೋಡಿ. ಇದು ಉಡೋ ಸೀರೆಯಾ?"

ಅವರು ನೋಡಿದರು.

ಮತ್ತೆ ಮುಂದೆ ತಿರುಗಿದಾಗ ರಸ್ತೆ ಬಲಕ್ಕೆ ಹೊರಳಿತ್ತು, ನಾವು ಹೊರಳಿರಲಿಲ್ಲ. ಎಡಗಡೆ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿದ ಸದ್ದು, ಒಂದು ನೀಲಿ ಸಮವಸ್ತ್ರ, ಬ್ರೇಕು. ಶಾಲೆ ಬಿಟ್ಟ ಹೊತ್ತು. ಹುಡುಗ ಕಾರು ಮೈಮೇಲೆ ಬಂದದ್ದನ್ನು ಕಂಡು ಸೈಕಲ್ ಸಮೇತ ಚರಂಡಿಗೆ ಹಾರಿದ್ದ.

ನಾನು ಇಳಿದು ಓಡಿದಾಗ ನನ್ನ ಕಾಲಿಗೆ ಆ ಸೀರೆಯೇ ತೊಡರಿಕೊಂಡಿತ್ತು. ಮೊಣಕಾಲು, ಅಂಗೈ ತರಚಿ ರಕ್ತ ಬರುತ್ತಿತ್ತು, ಬೇರೆ ಪೆಟ್ಟಿರಲಿಲ್ಲ. ಅವನು ತನ್ನ ಕಾಲು ನೋಡಿಕೊಳ್ಳಲಿಲ್ಲ, ಸೈಕಲ್ ಎತ್ತಿ ಚಕ್ರ ತಿರುಗಿಸಿ ನೋಡಿದ. ಅದು ತಿರುಗಲಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ಕಾಲ ಅದು. ನಮ್ಮ ಶಾಲೆಯಲ್ಲಿ ಅಂಥವನ್ನು ಸಾಲಾಗಿ ನಿಲ್ಲಿಸಿ, ಮಕ್ಕಳ ಸಹಿ ಹಾಕಿಸಿಕೊಂಡು ಹಂಚಿದವಳು ನಾನು. "ರಿಪೇರಿ ಆಗ್ತದಾ ಅಮ್ಮಾ?" ಎಂದು ನನ್ನನ್ನು ಕೇಳಿದ.

ಆಮೇಲೆ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಎರಡು ಸೆಕೆಂಡು ಸೀರೆಯ ಅಂಚು ನೋಡಿದರೆ 33 ಮೀಟರ್. 20 ಅಡಿ ಉದ್ದದ ಐದು ತರಗತಿ ಕೋಣೆಗಳನ್ನು ಒಂದರ ಹಿಂದೊಂದು ಇಟ್ಟು, ಕಣ್ಣು ಮುಚ್ಚಿ ಅವುಗಳ ನಡುವೆ ಕಾರು ಓಡಿಸಿದ ಹಾಗೆ. ಕೋಣೆಯ ತುಂಬ ಮಕ್ಕಳಿರುವುದನ್ನು ನಾನು ಬಲ್ಲೆ.

ವಾಹನ ಓಡಿಸುವವರ ಗಮನ ಮೂರು ರೀತಿ ತಪ್ಪುತ್ತದೆಂದು ಬಲ್ಲವರು ಹೇಳುತ್ತಾರೆ: ಕಣ್ಣು ರಸ್ತೆ ಬಿಡುವುದು, ಕೈ ಸ್ಟಿಯರಿಂಗ್ ಬಿಡುವುದು, ಮನಸ್ಸು ಎಲ್ಲಿಗೋ ಹೋಗುವುದು. ಮೂರನೆಯದು ಹೊರಗಿನವರಿಗೆ ಕಾಣುವುದೇ ಇಲ್ಲ. ಎಷ್ಟೋ ದಿನ ನಾನೇ ಸ್ಕೂಟಿಯಲ್ಲಿ ಶಾಲೆಗೆ ಹೋಗಿ ಗಾಡಿ ನಿಲ್ಲಿಸಿದ ಮೇಲೆ, ದಾರಿಯಲ್ಲಿ ರೈಲ್ವೆ ಗೇಟು ದಾಟಿದ್ದು ನೆನಪಿಗೇ ಬಾರದೆ ನಿಂತದ್ದುಂಟು. ಆಗ ಗಾಡಿ ಓಡಿಸಿದ್ದು ಯಾರು? ನಾನು ಒಲೆಯ ಮೇಲಿಟ್ಟ ಹಾಲಿನ ಹತ್ತಿರವೋ, ಅಂಕಪಟ್ಟಿಯ ಹತ್ತಿರವೋ ಇದ್ದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ, ಅಪಾಯಕಾರಿ ಚಾಲನೆಯ ಕಲಮಿನಲ್ಲಿ ಕೈಯಲ್ಲಿ ಹಿಡಿಯುವ ಫೋನಿಗೆ ಜಾಗ ಸಿಕ್ಕಿತು. ಕಿತ್ತಳೆ ಹಣ್ಣಿಗೆ ಸಿಗಲಿಲ್ಲ. ಹೆಂಡತಿಯ ಅಹವಾಲಿಗಂತೂ ಸಿಗುವ ಹಾಗಿಲ್ಲ! ಸೀರೆಯ ಮೇಲೆ ಮಾತ್ರ ಕಾನೂನಿಗೆ ಮೊದಲಿನಿಂದಲೂ ಕಣ್ಣಿದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ದ್ವಿಚಕ್ರ ವಾಹನದ ಹಿಂಚಕ್ರದ ಅರ್ಧದಷ್ಟಾದರೂ ಮರೆಯಾಗಿರಬೇಕೆಂದು 1989ರ ನಿಯಮಗಳಲ್ಲೇ ಇದೆ. ಕಾರಿನೊಳಗೆ ಬಿಡಿಸಿ ಹಿಡಿಯುವ ಸೀರೆಯನ್ನು ಪಾಪ, ನಿಯಮ ಬರೆದವರು ಊಹಿಸಿರಲಾರರು.

ಸೈಕಲನ್ನು ಡಿಕ್ಕಿಗೆ ತುರುಕಿ, ಹುಡುಗನನ್ನು ಕೂರಿಸಿಕೊಂಡು ಕುಂಸಿಗೆ ಹಿಂದಿರುಗಿದೆವು. ಗಾಯ ತೊಳೆಸಿ ಇಂಜೆಕ್ಷನ್ ಕೊಡಿಸಿದೆವು. ಚಕ್ರ ಸರಿಮಾಡಿಸಿ, ಮನೆಗೆ ಬಿಡಲು ಹೋದಾಗ ಕತ್ತಲಾಗಿತ್ತು. ಅವನ ತಾಯಿ ಅಂಗಳದಲ್ಲಿ ಕಾಯುತ್ತಿದ್ದಳು. ಏನಾಯಿತೆಂದು ಅವಳು ಕೇಳುವ ಮೊದಲೇ ಇವರು, "ಎದುರಿಂದ ಲಾರಿ ಬಂತಮ್ಮ, ತಪ್ಪಿಸೋಕೆ ಹೋಗಿ ಹೀಗಾಯ್ತು" ಎಂದರು.

ಲಾರಿ ಬಂದಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ದಿನಾ ಬೆಳಿಗ್ಗೆ ಐವತ್ತು ಮಕ್ಕಳೆದುರು ನಿಜ ಹೇಳಬೇಕೆಂದು ಪಾಠ ಮಾಡುವ ನಾಲಿಗೆ ಒಣಗಿ ಕೂತಿತ್ತು. ಆ ತಾಯಿ, "ದೇವರ ಹಾಗೆ ಬಂದ್ರಿ. ಬೇರೆಯವರಾಗಿದ್ರೆ ನಿಲ್ಲಿಸ್ತಲೂ ಇರ್ಲಿಲ್ಲ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋಗಿ ಕಾಫಿ ತಂದಳು. ಹುಡುಗ ಜಗಲಿಯ ಕಂಬಕ್ಕೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಉತ್ತರ ಗೊತ್ತಿದ್ದೂ ಕೈಯೆತ್ತದ ಮಕ್ಕಳು ಹಾಗೆ ನೋಡುತ್ತಾರೆ. ಬೆಲ್ಲದ ಕಾಫಿ. ಪೂರ್ತಿ ಕುಡಿದೆ.

ಆ ಸೀರೆಯನ್ನು ಯಾರಿಗೂ ಕೊಡಲಾಗಲಿಲ್ಲ, ಉಡಲೂ ಆಗಲಿಲ್ಲ. ಟ್ರಂಕಿನ ತಳದಲ್ಲಿದೆ. ಈಗ ಕಾರಿನಲ್ಲಿ ನನಗೆ ಜಗಳ ಬಂದರೆ ಆನಂದಪುರದವರೆಗೆ ತಡೆದುಕೊಂಡು, ಅಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಆಡುತ್ತೇನೆ. ಅಷ್ಟು ಹೊತ್ತಿಗೆ ಅರ್ಧ ಮರೆತಿರುತ್ತದೆ. ಮರೆಯದ ಅರ್ಧಕ್ಕೆ ಇವರು ಮುಖ ಕೊಟ್ಟು ಉತ್ತರಿಸುತ್ತಾರೆ. ಕುಂಸಿ ದಾಟಿ ಆ ತಿರುವು ಬಂದಾಗ ಮಾತ್ರ ಇಬ್ಬರೂ ಸುಮ್ಮನಿರುತ್ತೇವೆ. ಇವರು ರಸ್ತೆ ನೋಡುತ್ತಾರೆ. ನಾನು ಎಡಗಡೆ, ಆ ಮನೆಗೆ ಹೋಗುವ ಮಣ್ಣಿನ ದಾರಿ ನೋಡುತ್ತೇನೆ. ಒಮ್ಮೆ ಇಳಿದು ಹೋಗಿ ಆ ತಾಯಿಗೆ ಹೇಳಬೇಕೆಂದುಕೊಳ್ಳುತ್ತೇನೆ. ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ.