ಪ್ರಧಾನಿ ಮರಳಿ ಬಾರದ ಕಡಲತೀರ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ಸುಮಾರು 100 ಕಿಲೋಮೀಟರ್ ಹೋದರೆ ನೆಲವು ಬೆರಳಿನಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯೇ ಪಾಯಿಂಟ್ ನೆಪಿಯನ್. ಒಂದು ಮಗ್ಗುಲಲ್ಲಿ ಶಾಂತವಾದ ಕೊಲ್ಲಿ. ಇನ್ನೊಂದು ಮಗ್ಗುಲಲ್ಲಿ ಬಂಡೆಗಳಿಗೆ ಅಪ್ಪಳಿಸುವ ತೆರೆಸಮುದ್ರ. ಆ ಕಡೆಗಿದೆ ಚೆವಿಯಟ್ ಬೀಚ್. 1887ರಲ್ಲಿ ಇಲ್ಲಿ ಒಡೆದುಹೋದ ಹಡಗಿನ ಹೆಸರೇ ತೀರಕ್ಕೂ ಬಂತು. ಆ ದುರಂತದಲ್ಲಿ 35 ಜನ ಸತ್ತರು.

ಮಕ್ಕಳೇ, ಆ ದೇಶದಲ್ಲಿ ಜನ ಸೇರುವ ಬೀಚುಗಳಲ್ಲಿ ಕೆಂಪು-ಹಳದಿ ಬಾವುಟ ನೆಟ್ಟಿರುತ್ತಾರೆ. ಅವುಗಳ ನಡುವೆ ಈಜುವವರ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಚೆವಿಯಟ್‌ನಲ್ಲಿ ಬಾವುಟವೂ ಇಲ್ಲ, ಕಾಯುವವರೂ ಇಲ್ಲ.

1967ರ ಡಿಸೆಂಬರ್ 17, ಭಾನುವಾರ. ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ ಇಲ್ಲಿ ನೀರಿಗಿಳಿದರು. ವಯಸ್ಸು 59. ನೀರಲ್ಲಿ ಮುಳುಗಿ ಮೀನು ಬೇಟೆಯಾಡುವುದೆಂದರೆ ಅವರಿಗೆ ಪ್ರಾಣ. ಈ ತೀರವೂ ಹೊಸದಲ್ಲ. ಅಂದು ಅಲೆ ಜೋರಾಗಿತ್ತು. ಜೊತೆಗಿಳಿದ ಒಬ್ಬರು ಕಾಲಿಗೆ ಸೆಳೆತ ತಾಗುತ್ತಲೇ ದಡದ ಹತ್ತಿರವೇ ಉಳಿದರು. ನನ್ನನ್ನು ಕೇಳಿದರೆ ಅಂದಿನ ನಿಜವಾದ ಜಾಣರು ಅವರೇ. ಹೋಲ್ಟ್ ಈಜುತ್ತಾ ಮುಂದೆ ಹೋದರು, ದೂರವಾದರು, ಕಾಣದಾದರು. ಹೆಲಿಕಾಪ್ಟರ್‌ಗಳು, ನೌಕಾಪಡೆಯ ಮುಳುಗುಗಾರರು ದಿನಗಟ್ಟಲೆ ಹುಡುಕಿದರೂ ದೇಹ ಸಿಗಲಿಲ್ಲ.

ಒಬ್ಬ ಒಳ್ಳೆಯ ಈಜುಗಾರನನ್ನು ಕಡಲು ಹೀಗೆ ಒಯ್ಯುವುದು ಹೇಗೆ? ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲ? ಮರಳದಿಬ್ಬ ಅಥವಾ ಬಂಡೆಗಳ ನಡುವೆ ಎಲ್ಲಿ ಸಂದಿಯಿದೆಯೋ ಅಲ್ಲಿ ನುಗ್ಗಿ, ಸಮುದ್ರದೊಳಗೇ ಒಂದು ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಮೋಸ ಇರುವುದು ಇಲ್ಲೇ. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಸುತ್ತಲೂ ಬಿಳಿ ನೊರೆ, ನಡುವೆ ಕಪ್ಪಾದ ಸಮಾಧಾನದ ನೀರು. ಹೊಸಬರು "ಇಲ್ಲೇ ಇಳಿಯೋಣ" ಅನ್ನುವುದೂ ಅಲ್ಲೇ! ಈ ಸೆಳೆತ ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಎದುರು ಈಜಿ ತೋಳು ಸೋತವರು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಮೊದಲು ಅಂಗಾತ ತೇಲಿ, ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಬೇಕು. ಚೆವಿಯಟ್‌ನಲ್ಲಿ ಪಕ್ಕಕ್ಕೂ ಬಂಡೆಗಳೇ.

ಮೆಲ್ಬರ್ನ್‌ನಲ್ಲಿರುವ ಮಕ್ಕಳ ಮನೆಗೆ ಹೋಗುವ ಅಜ್ಜ-ಅಜ್ಜಿಯರು ಪಾಯಿಂಟ್ ನೆಪಿಯನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಎತ್ತರದಿಂದ ಈ ತೀರವನ್ನು ನೋಡಬಹುದು. ಕೆಳಗಿಳಿದು ಈಜುವಂತಿಲ್ಲ. ಗೋಕರ್ಣ, ಮುರ್ಡೇಶ್ವರದ ಕಡಲಲ್ಲೂ ಇಂಥ ಸೆಳೆತವಿದೆ. ಅಲ್ಲಿ ನೀರಿಗಿಳಿಯುವ ಮುನ್ನ ಕೇಳಬೇಕಾದದ್ದು ಬಲೆ ಒಣಗಿಸುತ್ತಿರುವ ಮೀನುಗಾರರನ್ನು.